ಪದ ಪರಿಚಯ: 'ಫೆರಲ್ ಹಾಗ್' ಅಂದರೆ ನಮ್ಮ ಕಾಡುಹಂದಿ ಅಲ್ಲ

ಜಗಳೂರು ಕಡೆ ನಮ್ಮ ದೊಡ್ಡಪ್ಪನದು ಮೂರು ಎಕರೆ ಮೆಕ್ಕೆಜೋಳ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಹಂದಿ ಹಿಂಡು ಇಳಿಯುತ್ತದೆ. ತಿನ್ನುವುದಕ್ಕಿಂತ ಮುರಿದು ಮಲಗಿಸುವುದೇ ಜಾಸ್ತಿ. ಹೋದ ಸಲ ಊರಿಗೆ ಹೋದಾಗ ಅವರು ಮೊಬೈಲ್ ಮುಂದೆ ಹಿಡಿದರು.

"ನೋಡಿಲ್ಲಿ ತಮ್ಮಾ, ಅಮೆರಿಕದಾಗೆ ಕಾಡುಹಂದೀನ ಪಿಸ್ತೂಲಿನಾಗೆ ಹೊಡಿತಾರೆ. ಯಾರೂ ಕೇಳಲ್ಲ. ನಾವು ಮುಟ್ಟಿದ್ರೆ ಮಾತ್ರ ಕೇಸು. ಯಾಕೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಆ ವಿಡಿಯೋದ ಕೆಳಗೆ ಯಾರೋ 'ಕಾಡುಹಂದಿ ಬೇಟೆ' ಎಂದು ಕನ್ನಡದಲ್ಲಿ ಹಾಕಿದ್ದರು. ಮೂಲದಲ್ಲಿ ಇದ್ದದ್ದು 'ಫೆರಲ್ ಹಾಗ್' ಎಂಬ ಮಾತು. ಎಡವಿದ್ದು ಅಲ್ಲೇ. ಈ ಎರಡು ಮಾತಿನ ನಡುವೆ ಇರುವ ಅಂತರ ಗೊತ್ತಾದರೆ, ಅಲ್ಲಿ ಬಿಡುತ್ತಾರೆ ಇಲ್ಲಿ ಯಾಕೆ ಬಿಡುವುದಿಲ್ಲ ಎನ್ನುವುದರ ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ.

'ಫೆರಲ್' ಅಂದರೆ ಹುಟ್ಟಾ ಕಾಡಿನದು ಅಲ್ಲ. ಒಮ್ಮೆ ಮನುಷ್ಯ ಸಾಕಿದ್ದು, ಆಮೇಲೆ ತಪ್ಪಿಸಿಕೊಂಡೋ ಬಿಟ್ಟುಹೋಗಿಯೋ ಕಾಡು ಸೇರಿ, ಅಲ್ಲೇ ಮರಿ ಹಾಕಿ, ತಲೆಮಾರು ಕಳೆದಂತೆ ಮನುಷ್ಯನ ಹಂಗೇ ಇಲ್ಲದೆ ಬದುಕುವ ಪ್ರಾಣಿ. ಬೆಕ್ಕು, ನಾಯಿ, ಕುದುರೆ ಯಾವುದಾದರೂ ಹೀಗಾಗಬಹುದು. ನಮ್ಮಲ್ಲಿ ಇದಕ್ಕೆ ಒಂದೇ ಪದ ಇಲ್ಲ. ನಾನಾದರೆ 'ಕಾಡು ಸೇರಿದ ಊರಹಂದಿ' ಎನ್ನುತ್ತೇನೆ. ಉದ್ದವಾಯಿತು, ಆದರೆ ತಪ್ಪು ಅರ್ಥ ಬರುವುದಿಲ್ಲ.

ಹಂದಿಗೆ ನಮ್ಮ ಕಡೆ ಪದಗಳಿಗೆ ಬರವಿಲ್ಲ. ದಾವಣಗೆರೆ ಗಲ್ಲಿಗಳಲ್ಲಿ ಓಡಾಡುವುದು ಊರಹಂದಿ. ಫಾರಂನಲ್ಲಿ ಸಾಕುವ ಬಿಳಿಯದು ಸೀಮೆಹಂದಿ. ಬೆನ್ನ ಮೇಲೆ ಬಿರುಸು ಕೂದಲಿನ ಸಾಲು ಎದ್ದು ನಿಂತ, ಕೋರೆ ಹೊರಗೆ ಬಂದ, ಮರಿಗಳ ಮೈಮೇಲೆ ಪಟ್ಟೆ ಇರುವುದು ಕಾಡುಹಂದಿ. ಮೂರೂ ಒಂದೇ ಮೂಲದವು, ಊರಹಂದಿ ಬಂದಿದ್ದೇ ಕಾಡುಹಂದಿಯಿಂದ. ಆದರೆ ನಮ್ಮ ಕಾಡುಹಂದಿ ಯಾರ ಕೊಟ್ಟಿಗೆಯಿಂದಲೂ ತಪ್ಪಿಸಿಕೊಂಡು ಬಂದದ್ದಲ್ಲ. ಅದು ಈ ನೆಲದ್ದೇ. ಹಳಗನ್ನಡದಲ್ಲಿ 'ಪಂದಿ' ಇದ್ದದ್ದೇ ಮುಂದೆ 'ಹಂದಿ' ಆಯಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಸುಮಾರು 949–50ರ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆ ಇದೆ. ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ನಾಯಿಯೂ ಹಂದಿಯೂ ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿದರು. ಸಾವಿರ ವರ್ಷದ ಹಿಂದಿನ ಆ ಕಲ್ಲಿನಲ್ಲಿ ಇರುವುದು ನಮ್ಮ ಹೊಲಕ್ಕೆ ಇಳಿಯುವ ಇದೇ ಹಂದಿ.

ಅಮೆರಿಕದ ಕಥೆಯೇ ಬೇರೆ. ಅಲ್ಲಿ ಈ ಜಾತಿಯ ಹಂದಿ ಮೊದಲು ಇರಲೇ ಇಲ್ಲ. 1493ರಲ್ಲಿ ಕೊಲಂಬಸ್ ತನ್ನ ಎರಡನೇ ಪ್ರಯಾಣದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹಂದಿ ತಂದ. 1539ರಲ್ಲಿ ಸ್ಪೇನಿನ ದಂಡನಾಯಕ ದೆ ಸೋಟೋ ಫ್ಲಾರಿಡಾಕ್ಕೆ ಇಳಿದಾಗ ದಂಡಿನ ಊಟಕ್ಕೆಂದು ಹಂದಿ ಹಿಂಡನ್ನೇ ಹೊಡೆದುಕೊಂಡು ಬಂದಿದ್ದ. ಆಮೇಲೆ ಬಂದ ವಲಸಿಗರು ಹಂದಿಗಳನ್ನು ಸುಮ್ನೆ ಕಾಡಿಗೆ ಬಿಟ್ಟು ಮೇಯಿಸುತ್ತಿದ್ದರು, ಅವುಗಳಲ್ಲಿ ಎಷ್ಟೋ ವಾಪಸು ಬರಲಿಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಶ್ರೀಮಂತರು ಬೇಟೆಗೆಂದು ಯುರೋಪಿನ ನಿಜವಾದ ಕಾಡುಹಂದಿಗಳನ್ನೂ ತಂದರು. ಅವೂ ಬೇಲಿ ದಾಟಿದವು, ಎರಡೂ ಬೆರೆತವು. ಈಗ ಅಲ್ಲಿನ ಕೃಷಿ ಇಲಾಖೆಯ ಅಂದಾಜಿನಲ್ಲೇ 60 ಲಕ್ಷಕ್ಕೂ ಜಾಸ್ತಿ ಇವೆ. ಗಬ್ಬ ನಿಂತ ನಾಲ್ಕು ತಿಂಗಳೊಳಗೆ ಒಂದೇ ಸಲಕ್ಕೆ ಹಲವು ಮರಿ ಹಾಕುವ ಪ್ರಾಣಿ, ದೊಡ್ಡ ಹಂದಿಯನ್ನು ಹಿಡಿದು ತಿನ್ನುವ ಪ್ರಾಣಿ ಹೆಚ್ಚಿನ ಕಡೆ ಇಲ್ಲ, ಇನ್ನೇನಾಗುತ್ತದೆ?

ನಮ್ಮವರಿಗೆ ಇದು ಅರ್ಥವಾಗಬೇಕೆಂದರೆ ಬಳ್ಳಾರಿ ಜಾಲಿ ನೆನೆಸಿಕೊಳ್ಳಿ. ಚಳ್ಳಕೆರೆ, ಹಿರಿಯೂರು ಕಡೆ ಕೆರೆ ಅಂಗಳವೆಲ್ಲ ಅದೇ ಅಲ್ವಾ? ಅದು ಅಮೆರಿಕ ಖಂಡದ ಗಿಡ. ಬೇಕೆಂದೇ ತಂದು ಹಾಕಿದ್ದು, ಆಮೇಲೆ ಕೈಮೀರಿತು. ಟೆಕ್ಸಸ್‌ನಲ್ಲಿ ಹಂದಿ ಅಡಗುವುದು ಇದೇ ಜಾಲಿಯ ದಾಯಾದಿ ಪೊದೆಗಳಲ್ಲಿ, ಇಲ್ಲಿ ನಮ್ಮ ಹಂದಿ ಹಗಲೆಲ್ಲ ಮಲಗುವುದು ಬಳ್ಳಾರಿ ಜಾಲಿಯೊಳಗೆ. ಅಲ್ಲಿ ಹಂದಿ ಹೊರಗಿನದು, ಇಲ್ಲಿ ಜಾಲಿ ಹೊರಗಿನದು. ಅವರು ಹಂದಿಯನ್ನು ನೋಡುವ ಕಣ್ಣು ನಾವು ಜಾಲಿಯನ್ನು ನೋಡುವ ಕಣ್ಣು. ಅದಕ್ಕೇ 2019ರಿಂದ ಟೆಕ್ಸಸ್‌ನಲ್ಲಿ ಜಮೀನಿನ ಯಜಮಾನ ಹೂಂ ಎಂದರೆ ಸಾಕು, ಅವನ ಜಮೀನಿನಲ್ಲಿ ಹಂದಿ ಹೊಡೆಯಲು ಬೇಟೆ ಲೈಸೆನ್ಸ್ ಕೂಡ ಬೇಡ.

ಇನ್ನು ಪಿಸ್ತೂಲಿನ ಮಾತು. 'ಹ್ಯಾಂಡ್‌ಗನ್' ಅಂದರೆ ಹೆಗಲಿಗೆ ಆನಿಸದೆ ಕೈಯಲ್ಲೇ ಹಿಡಿದು ಹೊಡೆಯುವ ಬಂದೂಕು. ರಿವಾಲ್ವರ್ ಬಂತು, ಪಿಸ್ತೂಲು ಬಂತು, ಒಂದೇ ತೋಟಾ ಹಾಕಿ ಹೊಡೆಯುವ ಉದ್ದ ನಳಿಗೆಯದೂ ಬಂತು. ಅದರಲ್ಲಿ ಬೇಟೆಯಾಡುವುದು ಅಮೆರಿಕದಲ್ಲಿ ಬೇರೆಯೇ ಒಂದು ಪಂಥ. 1955ರಲ್ಲಿ ಬಂದ ಪಾಯಿಂಟ್ 44 ಮ್ಯಾಗ್ನಂ ಎಂಬ ತೋಟಾ ಅದಕ್ಕೆ ದೊಡ್ಡ ಬಲ ಕೊಟ್ಟಿತು. ನಮ್ಮಲ್ಲಿ ಜನಸಾಮಾನ್ಯರಿಗೆ ಲೈಸೆನ್ಸ್ ಮೇಲೆ ಸಿಗುವ ರಿವಾಲ್ವರ್ ಹೆಚ್ಚಾಗಿ ಪಾಯಿಂಟ್ 32ರದು (ಈ ಅಂಕಿ ಗುಂಡಿನ ಸುಮಾರು ಅಗಲ, ಇಂಚಿನ ಲೆಕ್ಕದಲ್ಲಿ). ಎರಡನ್ನೂ ಒಂದೇ ಎಂದುಕೊಳ್ಳಬೇಡಿ, ಹೊಡೆತದ ಬಲದಲ್ಲಿ ಐದಾರು ಪಟ್ಟಿಗೂ ಜಾಸ್ತಿ ವ್ಯತ್ಯಾಸ ಇದೆ.

ರೈಫಲ್ ಇರುವಾಗ ಕೈಬಂದೂಕು ಯಾಕೆ? ಪೊದೆಯೊಳಗೆ ನುಗ್ಗುವಾಗ ಉದ್ದ ನಳಿಗೆ ಸಿಕ್ಕಿಕೊಳ್ಳುತ್ತದೆ, ನಾಯಿಗಳು ಹಂದಿಯನ್ನು ತಡೆದು ನಿಲ್ಲಿಸಿದಾಗ ನಾಲ್ಕು ಹೆಜ್ಜೆ ದೂರದಿಂದ ಹೊಡೆಯಬೇಕಾಗುತ್ತದೆ, ಇವು ಒಂದು ಕಾರಣ. ಆದರೆ ನಿಜವಾದ ಕಾರಣ ಹತ್ತಿರ ಹೋಗುವುದು. ಹೆಗಲ ಆಸರೆ ಇಲ್ಲದ ಬಂದೂಕಿನಲ್ಲಿ ಗುರಿ ಬೇಗ ಅಲ್ಲಾಡುತ್ತದೆ. ಹಾಗಾಗಿ ಬಹಳಷ್ಟು ಜನ ಐವತ್ತು ಗಜದ ಒಳಗೆ ಹೋಗದೆ ಹೊಡೆಯುವುದಿಲ್ಲ. ಹಂದಿಗೆ ಕಣ್ಣು ಅಷ್ಟಕ್ಕಷ್ಟೇ, ಮೂಗು ಮಾತ್ರ ಬಲು ಚುರುಕು. ಗಾಳಿ ನೋಡಿಕೊಂಡು, ಸದ್ದಿಲ್ಲದೆ ಅಷ್ಟು ಹತ್ತಿರ ಸೇರುವುದೇ ಅವರಿಗೆ ಬೇಟೆ. ಗಂಡು ಹಂದಿಯ ಹೆಗಲ ಮೇಲೆ ಚರ್ಮದ ಕೆಳಗೆ ಗುರಾಣಿಯಂಥ ಗಟ್ಟಿ ಪದರ ಇರುತ್ತದೆ, ಗಂಡುಗಳು ತಮ್ಮೊಳಗೆ ಕೋರೆಯಲ್ಲಿ ಹೊಡೆದಾಡುವಾಗ ಕಾಯುವುದು ಅದೇ. ಹಂದಿಯ ಹೃದಯ ಇರುವುದು ನಾವು ಅಂದುಕೊಂಡದ್ದಕ್ಕಿಂತ ಕೆಳಗೆ, ಮುಂಗಾಲಿನ ಹತ್ತಿರ. ಅರೆಬರೆ ಪೆಟ್ಟು ಬಿದ್ದ ಹಂದಿ ಎಷ್ಟೋ ದೂರ ಓಡಿ, ಪೊದೆಯೊಳಗೆ ನರಳಿ ಸಾಯುತ್ತದೆ. ಇಲ್ಲವೇ ತಿರುಗಿ ಬೀಳುತ್ತದೆ. ಖಾತ್ರಿ ಇಲ್ಲದಿದ್ದರೆ ಬಂದೂಕಿನ ಕುದುರೆ (ಟ್ರಿಗರ್) ಎಳೆಯಬೇಡ ಎಂದು ಅಲ್ಲಿನ ಒಳ್ಳೆಯ ಬೇಟೆಗಾರರೇ ಹೇಳುತ್ತಾರೆ. ಆ ಮಾತು ನನಗೆ ಹಿಡಿಸಿತು. ಮೊಬೈಲ್ ವಿಡಿಯೋಗಳಲ್ಲಿ ಈ ಭಾಗ ಇರುವುದಿಲ್ಲ, ಹಂದಿ ಬೀಳುವುದಷ್ಟೇ ಇರುತ್ತದೆ.

ನಮ್ಮ ಕಾನೂನಿಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ, ಕಾಡುಹಂದಿ ಇದೆ. ಅಂದರೆ ಅನುಮತಿ ಇಲ್ಲದೆ ಹೊಡೆದರೆ ಅಪರಾಧ, ಉರುಳು ಹಾಕಿದರೂ ಅಷ್ಟೇ. ಆದರೆ ಇದೇ ಕಾಯ್ದೆಯ 11ನೇ ಸೆಕ್ಷನ್ ಓದಿದವರು ಕಡಿಮೆ. ಪ್ರಾಣಿಯಿಂದ ಜೀವಕ್ಕೋ ಆಸ್ತಿಗೋ ಅಪಾಯವಿದ್ದರೆ ಅದನ್ನು ಹೊಡೆಯಲು ಅರಣ್ಯ ಇಲಾಖೆಯ ಅಧಿಕಾರಿ ಲಿಖಿತ ಆದೇಶ ಕೊಡಬಹುದು, ಮತ್ತು ಆ 'ಆಸ್ತಿ'ಯಲ್ಲಿ ಹೊಲದಲ್ಲಿ ನಿಂತ ಬೆಳೆಯೂ ಸೇರಿದೆ ಎಂದು ಅಲ್ಲೇ ಬರೆದಿದೆ. ಆದೇಶದ ಮೇಲೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, ಮನೆಗೆ ತಂದು ಬೇಯಿಸುವ ಹಾಗಿಲ್ಲ. ಇನ್ನು 62ನೇ ಸೆಕ್ಷನ್ನಿನ 'ವರ್ಮಿನ್', ಅಂದರೆ ಹೊಡೆದರೂ ಕೇಸಿಲ್ಲದ ಉಪದ್ರವಿ ಪ್ರಾಣಿ ಎಂಬ ಘೋಷಣೆ ಮಾಡುವುದು ಕೇಂದ್ರ ಸರ್ಕಾರ. ಅದಕ್ಕೆ ಜಾಗ ಇಷ್ಟು, ಅವಧಿ ಇಷ್ಟು ಎಂದು ಮಿತಿ ಇರುತ್ತದೆ. ಬಿಹಾರ, ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಹಂದಿಗೆ ಹಾಗೆ ಮಾಡಿದ್ದರು. ಆ ಸುದ್ದಿ ಓದಿ ಹೊಳಲ್ಕೆರೆಯಲ್ಲಿ ಕೋವಿ ಎತ್ತಿದರೆ ಕೇಸು ಗ್ಯಾರಂಟಿ.

ಬೆಳೆ ಕಾಯಲು ಕೊಡುವ ಲೈಸೆನ್ಸ್ ಕೂಡ ಕೈಬಂದೂಕಿಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಯ ಜೊತೆ ಹೆಸರಿಸಿರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಎಲೆಕ್ಷನ್ ಬಂದರೆ ಸಾಮಾನ್ಯವಾಗಿ ಅದನ್ನೂ ಠಾಣೆಯಲ್ಲಿ ಇಟ್ಟು ಬರಬೇಕಾಗುತ್ತದೆ.

ಇವೆಲ್ಲಕ್ಕಿಂತ ನನಗೆ ಭಯ ಸಿಡಿಮದ್ದಿನದು. ಹಣ್ಣಿನೊಳಗೆ, ಹಿಟ್ಟಿನ ಉಂಡೆಯೊಳಗೆ ಮದ್ದು ಇಟ್ಟು ಹಂದಿ ದಾರಿಯಲ್ಲಿ ಬಿಡುತ್ತಾರೆ. ನಮ್ಮೂರ ಪಕ್ಕದ ಒಂದು ಹಸು ಅದನ್ನು ಕಚ್ಚಿ ದವಡೆ ಕಳೆದುಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದು ಮೂರು ದಿನ ನೀರನ್ನೂ ಕುಡಿಯಲಾಗದೆ ನಿಂತೇ ಇತ್ತು. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆ ಸತ್ತದ್ದೂ ಇಂಥದ್ದೇ ಮದ್ದಿನಿಂದ. ಬೇಲಿಗೆ ನೇರ ಕರೆಂಟ್ ಕೊಡುವುದೂ ಹಾಗೇ, ರಾತ್ರಿ ನೀರು ಕಟ್ಟಲು ಹೋದ ಮನುಷ್ಯನನ್ನೇ ಅದು ಮೊದಲು ಹಿಡಿಯುತ್ತದೆ.

ಇಷ್ಟನ್ನೂ ದೊಡ್ಡಪ್ಪನಿಗೆ ಹೇಳಿದೆ. ಅವರು ಸುಮ್ಮನೆ ಕೇಳಿ, "ಹಂಗಾರೆ ಅವರದ್ದು ಓಡಿಹೋದ ಊರಹಂದಿ ಅನ್ನು" ಎಂದರು. ಮರುದಿನ ಮುರಿದ ಬೆಳೆಯ ಫೋಟೋ ತೆಗೆದು, ಪಹಣಿ ಜೋಡಿಸಿ, ಪರಿಹಾರಕ್ಕೆ ಅರಣ್ಯ ಇಲಾಖೆಗೆ ಇಬ್ಬರೂ ಸೇರಿ ಅರ್ಜಿ ಬರೆದೆವು. ಸಂಜೆ ಅವರು ಟಾರ್ಚು, ತಗಡಿನ ಡಬ್ಬ, ಕಂಬಳಿ ತಗೊಂಡು ಹೊಲದ ಅಟ್ಟಣೆ ಹತ್ತಿದರು. ನಾನೂ ಹತ್ತಿದೆ.