ಸೀನದ ಇಲಿಗೆ ಫ್ಲೂ ಬಂದಾಗ

ಫ್ಲೂ ಬಂದ ಇಲಿ ನಮ್ಮ ಹಾಗೆ ಸೀನುತ್ತಾ, ಕೆಮ್ಮುತ್ತಾ ಕೂರುವುದಿಲ್ಲ. ಜ್ವರ ನೋಡೋಣ ಎಂದರೆ ಮೈ ಬಿಸಿಯಾಗುವ ಬದಲು ತಣ್ಣಗಾಗುತ್ತದೆ. ಮತ್ತೆ ಕಾಯಿಲೆ ಗೊತ್ತಾಗುವುದು ಹೇಗೆ? ಲ್ಯಾಬ್‌ಗೆ ಹೊಸದಾಗಿ ಬಂದವರು ಹೀಗೆ ಕೇಳಿದರೆ ನಾನು ಅವರನ್ನು ತಕ್ಕಡಿಯ ಮುಂದೆ ನಿಲ್ಲಿಸುತ್ತೇನೆ.

ದಿನಾ ಒಂದೇ ಹೊತ್ತಿಗೆ ತೂಗಬೇಕು. 20 ಗ್ರಾಂ ಇದ್ದದ್ದು 19ಕ್ಕೆ, 18ಕ್ಕೆ ಇಳಿಯುತ್ತದೆ. ರೋಮ ಕೆದರುತ್ತದೆ, ಬೆನ್ನು ಗೂನಾಗುತ್ತದೆ, ಇಲಿ ಮೂಲೆ ಹಿಡಿಯುತ್ತದೆ. ತೂಕದಲ್ಲಿ ಶೇ 20-25ರಷ್ಟು ಹೋದರೆ ಹೆಚ್ಚು ನರಳಿಸದೆ ದಯಾಮರಣ ಕೊಡುವುದು ಸಾಮಾನ್ಯ ನಿಯಮ.

ಸೋಂಕು ಕೊಡುವುದೇ ನಾಜೂಕಿನ ಕೆಲಸ. ಅರಿವಳಿಕೆಯಲ್ಲಿರುವ ಇಲಿಯ ಮೂಗಿನ ಹೊಳ್ಳೆಗೆ ಪಿಪೆಟ್‌ನಿಂದ ವೈರಸ್ ಇರುವ ದ್ರವದ ಹನಿ ಇಡುತ್ತೇವೆ. ಉಸಿರಿನ ಜೊತೆ ಅದು ಒಳಗೆ ಹೋಗುತ್ತದೆ. 50 ಮೈಕ್ರೋಲೀಟರ್ ಆದರೆ ಶ್ವಾಸಕೋಶ ಮುಟ್ಟುತ್ತದೆ, 10 ಆದರೆ ಹೆಚ್ಚಾಗಿ ಮೂಗಿನಲ್ಲೇ ಉಳಿಯುತ್ತದೆ. ಅವಸರ ಮಾಡಿದರೆ ಗುಳ್ಳೆ ಎದ್ದು ಅರ್ಧ ಹೊರಗೆ ಬರುತ್ತದೆ. ಶುರುವಿನಲ್ಲಿ ನಾನೂ ಒಮ್ಮೆ ಹೀಗೆ ಮಾಡಿ, ಒಂದು ಇಲಿಯ ತೂಕ ಇಳಿಯಲಿಲ್ಲವೆಂದು ಪರೀಕ್ಷಿಸುತ್ತಿದ್ದ ಔಷಧಕ್ಕೆ ಶಹಭಾಸ್ ಹೇಳಿದ್ದೆ. ಸುಮ್ನೆ ಸಂಭ್ರಮ!

ಇನ್ನು ವೈರಸ್. ಮನುಷ್ಯರ ಫ್ಲೂ ವೈರಸ್ ನೇರವಾಗಿ ಕೊಟ್ಟರೆ ಎಷ್ಟೋ ಸಲ ಇಲಿಗೆ ಏನೂ ಆಗುವುದಿಲ್ಲ. ಜೀವಕೋಶದ ಮೇಲೆ ವೈರಸ್ ಅಂಟಿಕೊಳ್ಳುವ ಸಕ್ಕರೆಯ ಕೊಂಡಿ ನಮ್ಮಲ್ಲಿ ಒಂದು ಬಗೆ, ಇಲಿಯ ಶ್ವಾಸಕೋಶದಲ್ಲಿ ಹೆಚ್ಚಾಗಿ ಇನ್ನೊಂದು ಬಗೆ. ಹಾಗಾಗಿ ಇಲಿಯಿಂದ ಇಲಿಗೆ ದಾಟಿಸಿ ಪಳಗಿಸಿದ ವೈರಸ್ ಬೇಕು. 1934ರಲ್ಲಿ ಪೋರ್ಟೊರಿಕೊದಲ್ಲಿ ಸಿಕ್ಕ ಪಿಆರ್8 ಎಂಬ ಫ್ಲೂ ವೈರಸ್ ಇವತ್ತಿಗೂ ಎಲ್ಲರ ಫ್ರೀಜರ್‌ನಲ್ಲಿ ಇರುವುದು ಇದಕ್ಕೇ.

ಜಾಸ್ತಿ ಜನ ಮರೆಯುವುದು ಇಲಿಯ ತಳಿಯನ್ನು. ಲ್ಯಾಬ್‌ಗಳಲ್ಲಿ ಹೆಚ್ಚು ಬಳಸುವ ಬಿಎಎಲ್‌ಬಿ/ಸಿ, ಸಿ57ಬಿಎಲ್/6 ಎರಡರಲ್ಲೂ ಎಂಎಕ್ಸ್1 ಜೀನ್ ಕೆಟ್ಟಿದೆ. ಫ್ಲೂ ವೈರಸ್ಸನ್ನು ಜೀವಕೋಶದೊಳಗೇ ತಡೆಯುವ ಜೀನ್ ಅದು. 1960ರ ದಶಕದಲ್ಲಿ ಸ್ವಿಸ್ ವಿಜ್ಞಾನಿ ಜಾನ್ ಲಿಂಡೆನ್‌ಮನ್ ಗಮನಿಸಿದ ಎ2ಜಿ ತಳಿಯಲ್ಲಿ ಅದು ಸರಿಯಾಗಿತ್ತು. ಬೇರೆ ಇಲಿಗಳನ್ನು ಕೊಲ್ಲುವಷ್ಟು ವೈರಸ್ಸನ್ನು ಆ ಇಲಿಗಳು ತಡೆದುಕೊಂಡವು. ಅಂದರೆ ನಾವು ದಿನಾ ನೋಡುವುದು ಒಂದು ಬಾಗಿಲಿಗೆ ಚಿಲಕವೇ ಇಲ್ಲದ ಮನೆಯನ್ನು, ಅಲ್ವಾ?

ಹಾಗಂತ ಇಲಿ ದಂಡವಲ್ಲ. ಲಸಿಕೆ ಕೊಟ್ಟ ಮೇಲೆ ಶ್ವಾಸಕೋಶದಲ್ಲಿ ವೈರಸ್ ಎಷ್ಟು ಇಳಿಯಿತು, ಯಾವ ಪ್ರತಿರಕ್ಷಣಾ ಕೋಶ ಯಾವಾಗ ಬಂತು ಎಂದು ಕೇಳಿದರೆ ಚೆನ್ನಾಗಿ ಉತ್ತರ ಕೊಡುತ್ತದೆ. ಸೋಂಕು ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತದೆ ಎಂದು ಮಾತ್ರ ಅದನ್ನು ಕೇಳಬೇಡಿ. ಅದಕ್ಕೆ ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿ ಇದೆ, ಅದು ಸೀನುತ್ತದೆ. ಹೊಸ ಔಷಧ ಇಲಿಯನ್ನು ಉಳಿಸಿತು ಅನ್ನುವ ಪ್ರಬಂಧ ಕೈಗೆ ಬಂದರೆ ನಾನು ಗ್ರಾಫ್ ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು ಯಾವ ತಳಿ, ಯಾವ ವೈರಸ್, ಮೂಗಿಗೆ ಎಷ್ಟು ಹನಿ ಅನ್ನುವುದನ್ನೇ.