ಗೋಡೆ ಮೇಲಿನ ಆ ದೊಡ್ಡ ಪತಂಗ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಮನೆ ಜಗುಲಿ ಗೋಡೆಗೆ ಅಂಗೈಗಿಂತ ದೊಡ್ಡದಾದ ಕೆಂಗಂದು ಚಿಟ್ಟೆ ಬಂದು ಕೂತಿದೆ. ರೆಕ್ಕೆ ತುದಿ ಹಾವಿನ ತಲೆ ಥರ ಇದೆ. ಹೊರದೇಶದ ಅಪರೂಪದ ಜೀವಿ, ದಾರಿ ತಪ್ಪಿ ಬಂದಿದೆ ಅನ್ನುತ್ತಾರೆ. ನಿಜವೇ? ಎರಡು ದಿನದಿಂದ ಏನೂ ತಿಂದಿಲ್ಲ. ಏನು ಕೊಡಬೇಕು?

ಉತ್ತರ: ಮಲೆನಾಡಿನಲ್ಲಿ ಮಳೆ ಹಿಡಿಯಿತು ಅಂತ ನನಗೆ ಗೊತ್ತಾಗುವುದೇ ಈ ಪ್ರಶ್ನೆಯಿಂದ. ಫೋಟೊ ಬೇರೆ, ಗೋಡೆ ಬೇರೆ, ಪ್ರಶ್ನೆ ಮಾತ್ರ ಅದೇ.

ಮೊದಲು ಸಣ್ಣದು ಮುಗಿಸೋಣ. ಅದು ಚಿಟ್ಟೆ ಅಲ್ಲ, ಪತಂಗ. ವಿಷ ಇಲ್ಲ, ಕಚ್ಚುವುದಿಲ್ಲ. ಹಾವು ಬರೀ ಚಿತ್ರ. ಜೇನು, ಸಕ್ಕರೆ ನೀರು ಏನೂ ಬೇಡ. ಅದಕ್ಕೆ ತಿನ್ನುವ ಬಾಯಿಯೇ ಇಲ್ಲ! ಹುಳುವಾಗಿದ್ದಾಗ ತಿಂದ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಿ, ಜೋಡಿ ಹುಡುಕಿ, ಮೊಟ್ಟೆ ಇಟ್ಟು ಸಾಯುತ್ತದೆ.

ಇನ್ನು ಆ 'ದಾರಿ ತಪ್ಪಿ ಬಂದ ಅಪರೂಪದ ಜೀವಿ' ಅನ್ನುವ ಮಾತು. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ. ಸ್ವಾಮಿ, ಅದು ಎಲ್ಲಿಂದಲೂ ಬಂದಿಲ್ಲ. ನಿಮ್ಮ ಹಿತ್ತಲಿನಿಂದ ಬಂದಿದೆ. ಸೀಬೆ, ನಿಂಬೆ, ದಾಲ್ಚಿನ್ನಿ, ಇಂಥ ಗಿಡಗಳ ಎಲೆ ತಿಂದು, ಹೆಬ್ಬೆರಳಿಗಿಂತ ದಪ್ಪ, ನಾಲ್ಕು ಇಂಚು ಉದ್ದದ ಹಸಿರು ಹುಳುವಾಗಿ ವಾರಗಟ್ಟಲೆ ಅಲ್ಲೇ ಇತ್ತು. ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಆಮೇಲೆ ಎಲೆ ಸುತ್ತಿಕೊಂಡು ಗೂಡು ಕಟ್ಟಿ, ಅದರೊಳಗೆ ಸುಮಾರು ಒಂದು ತಿಂಗಳು ಕೂತಿತ್ತು. ಅಷ್ಟು ದಿನ ನೀವು ನೋಡಲಿಲ್ಲ. ಈಗ ಲೈಟಿಗೆ ಬಂದು ಗೋಡೆಗೆ ಕೂತಾಗ ನೋಡಿದಿರಿ, ಅಷ್ಟೇ. ನಾವು ನೋಡದೇ ಇದ್ದದ್ದು ಅಪರೂಪ ಆಗಿಬಿಡುತ್ತಾ? ಬೆಳಗಾದರೆ ಪೇಪರಿನಲ್ಲಿ 'ವಿಶ್ವದ ಅತಿ ದೊಡ್ಡ ಚಿಟ್ಟೆ ಪತ್ತೆ'. ಅದೂ ಸರಿಯಲ್ಲ. ರೆಕ್ಕೆಯ ಅಗಲದಲ್ಲಿ ಇದಕ್ಕಿಂತ ದೊಡ್ಡ ಪತಂಗ ದಕ್ಷಿಣ ಅಮೆರಿಕದಲ್ಲಿದೆ.

ನಿಜವಾಗಿಯೂ ದಾರಿ ತಪ್ಪಿದ್ದು ಹೇಗಿರುತ್ತದೆ ಗೊತ್ತಾ? 2022ರ ಜುಲೈನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಊರಿನಲ್ಲಿ ಒಂದು ಮನೆಯ ಗ್ಯಾರೇಜಿನ ಹತ್ತಿರ ಇದರದೇ ಬಳಗದ ಅಟ್ಲಾಸ್ ಪತಂಗ ಸಿಕ್ಕಿತು. ಆ ದೇಶದಲ್ಲಿ ಖಚಿತವಾಗಿ ಸಿಕ್ಕ ಮೊದಲನೆಯದು ಅದು. ಕೃಷಿ ಇಲಾಖೆಯವರು ಜನರಿಗೆ 'ಇನ್ನೊಂದು ಕಂಡರೆ ತಿಳಿಸಿ' ಅಂದರು. ಅದು ಸುದ್ದಿ. ತೀರ್ಥಹಳ್ಳಿಯ ಗೋಡೆ ಮೇಲಿನದು ಸುದ್ದಿಯಲ್ಲ, ಮನೆಯವರು.

ಈ ಬಳಗಕ್ಕೆ ಅಟ್ಟಾಕಸ್ ಅಂತ ಹೆಸರು. ಇದರಲ್ಲಿ ಹೆಚ್ಚುಕಡಿಮೆ ಹದಿನೈದು-ಇಪ್ಪತ್ತು ಪ್ರಭೇದಗಳಿವೆ. ನಾವೆಲ್ಲ ಹೆಸರು ಕೇಳಿರುವ ಅಟ್ಟಾಕಸ್ ಅಟ್ಲಾಸ್ ಊರೂರು ತಿರುಗುವ ಆಸಾಮಿ. ಹಿಮಾಲಯದ ತಪ್ಪಲು, ಈಶಾನ್ಯ ಭಾರತ, ದಕ್ಷಿಣ ಚೀನಾ, ತೈವಾನ್, ಮಲೇಷ್ಯಾ, ಇಂಡೋನೇಷ್ಯಾ, ಜಪಾನಿನ ತುದಿಯ ಯೋನಗುನಿ ದ್ವೀಪ, ಎಲ್ಲಾ ಕಡೆ ಇದೆ. ಉಳಿದವು ಹಾಗಲ್ಲ, ಒಂದೊಂದು ಮೂಲೆ ಹಿಡಿದು ಕೂತಿವೆ. ಸೀಸರ್ ಫಿಲಿಪ್ಪೀನ್ಸಿನದು, ಡೋಹರ್ಟಿ ತಿಮೋರಿನದು, ವಾರ್ಡಿ ಆಸ್ಟ್ರೇಲಿಯಾದ ಉತ್ತರದ್ದು, ಮ್ಯಾಕ್‌ಮಲೆನಿ ನಮ್ಮ ಅಂಡಮಾನಿನದು. ಸಮುದ್ರ ನಡುವೆ ಬಂದರೆ ದಾಟುವುದು ಕಷ್ಟ. ಎರಡು ವಾರದ ಬದುಕು, ಹೊಟ್ಟೆ ಬೇರೆ ಖಾಲಿ. ಹಾಗಾಗಿ ದ್ವೀಪ ದ್ವೀಪಕ್ಕೂ ಬೇರೆ ಆಗಿಬಿಟ್ಟಿವೆ. ಅಪರೂಪ ಅನ್ನುವ ಮಾತನ್ನು ಇಂಥವಕ್ಕೆ ಇಟ್ಟುಕೊಳ್ಳಿ.

ನಿಮ್ಮ ಗೋಡೆಯದು? ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವುದು ಅಟ್ಟಾಕಸ್ ಟ್ಯಾಪ್ರೊಬೇನಿಸ್. ಟ್ಯಾಪ್ರೊಬೇನ್ ಅಂದರೆ ಗ್ರೀಕರು ಶ್ರೀಲಂಕಾಕ್ಕೆ ಕರೆಯುತ್ತಿದ್ದ ಹಳೆಯ ಹೆಸರು. 1883ರಲ್ಲಿ ಮೂರ್ ಅನ್ನುವವರು ಇಟ್ಟದ್ದು. ಪೇಪರಿನವರು ಸುಮ್ನೆ ಅಟ್ಲಾಸ್ ಅಂತ ಬರೆಯುತ್ತಾರೆ, ಮಾತಿಗೆ ನಡೆಯುತ್ತದೆ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಇದೂ ರೇಷ್ಮೆ ಬಿಡುತ್ತದೆ! ಟಸರ್, ಮುಗ, ಎರಿ ರೇಷ್ಮೆ ಕೊಡುವ ಹುಳುಗಳು ಇದರ ಹತ್ತಿರದ ನೆಂಟರು. ನಮ್ಮ ಹಿಪ್ಪುನೇರಳೆ ರೇಷ್ಮೆಹುಳು ದೂರದ ನೆಂಟ. ಹಾಗಾದರೆ ರಾಮನಗರದ ಮಾರುಕಟ್ಟೆಗೆ ಇದರ ಗೂಡು ಯಾಕೆ ಬರುವುದಿಲ್ಲ? ಹಿಪ್ಪುನೇರಳೆ ಗೂಡಿನಲ್ಲಿ ಒಂದೇ ಎಳೆ ಉದ್ದಕ್ಕೆ ಬರುತ್ತದೆ, ನೂಲು ಬಿಚ್ಚಬಹುದು. ಇದರ ಎಳೆ ತುಂಡು ತುಂಡು. ಬಿಚ್ಚಲು ಆಗದು, ಉಣ್ಣೆಯ ಹಾಗೆ ನೂಲಬೇಕು. ಬಣ್ಣವೂ ಕಂದು. ಆದರೆ ಗೂಡು ಗಟ್ಟಿ. ತೈವಾನಿನಲ್ಲಿ ಖಾಲಿ ಗೂಡನ್ನೇ ಚಿಲ್ಲರೆ ಇಡುವ ಪರ್ಸ್ ಮಾಡಿಕೊಂಡದ್ದುಂಟು.

ನಿಮ್ಮ ಸೀಬೆ ಗಿಡದಲ್ಲೂ ಒಣಗಿದ ಎಲೆ ಸುತ್ತಿದಂಥ ಗೂಡು ನೇತಾಡುತ್ತಿದೆಯಾ ನೋಡಿ. ಒಂದು ತುದಿಯಲ್ಲಿ ತೂತಿದ್ದು, ಹಗುರವಾಗಿದ್ದರೆ ಮಕ್ಕಳಿಗೆ ತೋರಿಸಲು ತನ್ನಿ. ಭಾರವಾಗಿದ್ದರೆ ಮುಟ್ಟಬೇಡಿ, ಒಳಗೆ ಜನ ಇದ್ದಾರೆ.