ಓದುಗರ ಪ್ರಶ್ನೆ: ಪುಟ್ಟ ಸಿಂಗಾಪುರಕ್ಕೆ ಇಡೀ ಜಗತ್ತಿನ ನಂಟು ಹೇಗೆ?

ಈ ಪ್ರಶ್ನೆ ಮತ್ತೆ ಬಂದಿದೆ. ಕೇಳುವವರು ಉತ್ತರವನ್ನೂ ಅವರೇ ಬರೆದಿರುತ್ತಾರೆ: "ಮಲಕ್ಕಾ ಜಲಸಂಧಿಯ ಬಾಯಲ್ಲಿ ಕೂತಿದೆ, ಅದಕ್ಕೇ ಅಲ್ವಾ ಸರ್?"

ಅಲ್ಲ ಮಾರಾಯ್ರೇ. ಹಿಂದೂ ಮಹಾಸಾಗರದಿಂದ ಚೀನಾ ಕಡೆಗೆ ಹೋಗುವ ಹಡಗುಗಳ ಕಿರಿದಾದ ದಾರಿ ಅದು; ಒಳ್ಳೆಯ ಜಾಗ ಬೇಕು, ಒಪ್ಪಿದೆ. ಆದರೆ ಜಾಗವೊಂದೇ ಸಾಕಿದ್ದರೆ, ಆ ಜಲಸಂಧಿಗೆ ಹೆಸರು ಕೊಟ್ಟ ಮಲಕ್ಕಾ ಊರು ಇವತ್ತೂ ದೊಡ್ಡ ಬಂದರಾಗಿ ಇರಬೇಕಿತ್ತು. 15ನೇ ಶತಮಾನದಲ್ಲಿ ಗುಜರಾತಿನವರು, ಚೀನಾದವರು ಎಲ್ಲ ಅಲ್ಲಿಗೇ ಬರುತ್ತಿದ್ದರು. 1511ರಲ್ಲಿ ಪೋರ್ಚುಗೀಸರು ಊರನ್ನು ಹಿಡಿದು ಸುಂಕ ಹೇರಿದರು, ಎಷ್ಟೋ ವ್ಯಾಪಾರಿಗಳು ಬೇರೆ ಬಂದರು ನೋಡಿಕೊಂಡರು. ಜಲಸಂಧಿ ಇದ್ದಲ್ಲೇ ಇತ್ತು. 1819ರಲ್ಲಿ ಬ್ರಿಟಿಷರು ಸಿಂಗಾಪುರದಲ್ಲಿ ಸುಂಕವಿಲ್ಲದ ಬಂದರು ತೆರೆದ ಮೇಲೆ ಹಡಗುಗಳು ಅತ್ತ ತಿರುಗಿದವು.

ಹಳೇ ಕಥೆ ಬೇಡ ಅನ್ನುವವರಿಗೆ ಹೊಸದು. 2000ದಲ್ಲಿ ಡೆನ್ಮಾರ್ಕಿನ ಹಡಗು ಕಂಪನಿ ಮರ್ಸ್ಕ್, ಸಿಂಗಾಪುರದಲ್ಲಿ ನಡೆಸುತ್ತಿದ್ದ ಕಂಟೇನರ್ ಕೆಲಸವನ್ನು ಎದುರಿಗೇ ಇರುವ ಮಲೇಷ್ಯಾದ ತಂಜುಂಗ್ ಪೆಲೆಪಾಸ್‌ಗೆ ಎತ್ತಿಕೊಂಡು ಹೋಯಿತು. ನಕ್ಷೆಯ ಮೇಲೆ ಬೆರಳಿಟ್ಟರೆ ಎರಡೂ ಬಂದರು ಅದರಡಿ ಮುಚ್ಚಿಹೋಗುತ್ತವೆ. ಖರ್ಚು ಕಡಿಮೆ, ಟರ್ಮಿನಲ್‌ನಲ್ಲಿ ಪಾಲೂ ಸಿಕ್ಕಿತು, ಹೊರಟರು. ಎಲ್ಲಿ ಹೋಯಿತು ನಿಮ್ಮ ಜಲಸಂಧಿ?

ನಿಜವಾದ ಕಾರಣ ಅಷ್ಟು ಸ್ವಾರಸ್ಯದ್ದಲ್ಲ. 1972ರಲ್ಲೇ ಸಿಂಗಾಪುರದವರು ತಮ್ಮ ತಂಜೊಂಗ್ ಪಗಾರ್‌ನಲ್ಲಿ ಕಂಟೇನರ್ ಟರ್ಮಿನಲ್ ಕಟ್ಟಿದರು. 1989ರಲ್ಲಿ ಟ್ರೇಡ್‌ನೆಟ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ತಂದರು. ಇಲಾಖೆಯಿಂದ ಇಲಾಖೆಗೆ ಅಲೆಯುತ್ತಿದ್ದ ಪರವಾನಗಿ ಕಾಗದ ಕಂಪ್ಯೂಟರಿನಲ್ಲೇ ಬೇಗ ಮುಗಿಯತೊಡಗಿತು. ಆಮೇಲಿನದು ಸಂತೆಯ ಲೆಕ್ಕ: ಅಂಗಡಿ ಜಾಸ್ತಿ ಇದ್ದಲ್ಲಿ ಜನ, ಜನ ಇದ್ದಲ್ಲಿ ಇನ್ನಷ್ಟು ಅಂಗಡಿ. ಹಡಗುಗಳದ್ದೂ ಹಾಗೇ. ಸಿಂಗಾಪುರದಲ್ಲಿ ಇಳಿಯುವ ಬಹುಪಾಲು ಕಂಟೇನರ್ ಆ ಊರಿನವರದ್ದೇ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಸ್ ಬದಲಿಸುವವರ ಹಾಗೆ ಒಂದು ಹಡಗಿಂದ ಇಳಿದು ಇನ್ನೊಂದಕ್ಕೆ ಹತ್ತುತ್ತವೆ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸಿಂಗಾಪುರದ ಆಮದು-ರಫ್ತು ಸೇರಿಸಿದರೆ ಅದರ ಜಿಡಿಪಿಯ ಸುಮಾರು 3 ಪಟ್ಟು. ಭಾರತದ್ದು ತನ್ನ ಜಿಡಿಪಿಯ ಅರ್ಧದಷ್ಟೂ ಇಲ್ಲ. ಇದನ್ನು ನೋಡಿ ನಾವು ಹಿಂದುಳಿದೆವು ಅಂತ ಸುಮ್ನೆ ಕೊರಗಬೇಡಿ. ಬ್ಯಾಡಗಿ ಮೆಣಸಿನಕಾಯಿ ದಿಲ್ಲಿ ತನಕ ಹೋದರೂ ವಿದೇಶಿ ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ, ದೇಶ ದೊಡ್ಡದು. ಸಿಂಗಾಪುರಕ್ಕೆ ಊಟದ 90% ಹೊರಗಿನಿಂದಲೇ ಬರಬೇಕು. ಕುಡಿಯುವ ನೀರಿನಲ್ಲೂ ಒಂದು ಪಾಲು ಮಲೇಷ್ಯಾದ ಜೊಹೋರ್‌ನಿಂದ ಪೈಪಿನಲ್ಲಿ ಬರುತ್ತದೆ.